ನಾಟಾ ಹರಾಜು ದೃಢವಾದ ಮೇಲೆ ರದ್ದು: ತಡೆಯಾಜ್ಞೆ ಸಿಗುತ್ತಾ? ಸಿಕ್ಕರೂ ಉಪಯೋಗ ಇದೆಯಾ?

ಲಾಟ್_ನಂಬರ್
ಸಂದರ್ಭ ಹೀಗಿದೆ ಅಂತ ಇಟ್ಕೊಳ್ಳಿ. ಸರ್ಕಾರಿ ನಾಟಾ ಸಂಗ್ರಹಾಲಯದಲ್ಲಿ (ಮರದ ಡಿಪೋ) ಇ-ಹರಾಜು. ತೇಗದ ಮೂರು ಲಾಟು, ಒಟ್ಟು 40 ಘನ ಮೀಟರ್ ಚಿಲ್ಲರೆ. ಬಿಡ್ ಎಲ್ಲರಿಗಿಂತ ಹೆಚ್ಚು, ಇಎಂಡಿ (ಬಿಡ್ ಜೊತೆಗಿನ ಮುಂಗಡ ಠೇವಣಿ) ಕಟ್ಟಿದೆ, ದೃಢೀಕರಣ ಪತ್ರ ಕೈಗೆ ಬಂದಿದೆ, ಮೊದಲ ಕಂತೂ ಹೋಗಿದೆ. ಆಮೇಲೆ ಒಂದೇ ಸಾಲಿನ ಪತ್ರ: ಆಡಳಿತಾತ್ಮಕ ಕಾರಣದಿಂದ ಹರಾಜು ರದ್ದು. ಮರುಹರಾಜಿಗೆ ಇನ್ನು ಹನ್ನೆರಡು ದಿನ.

ಕೇಳೋದು ಇಷ್ಟು. ಸಿವಿಲ್ ಕೋರ್ಟಿಗೆ ಹೋಗಬೇಕಾ, ಹೈಕೋರ್ಟಿಗಾ? ಸರ್ಕಾರದ ಮೇಲೆ ದಾವೆಗೆ ಮುಂಚೆ ಕೊಡೋ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಮಿನ ನೋಟಿಸಿಗೆ ಎರಡು ತಿಂಗಳು ಬೇಕು ಅಂತಾರೆ, ಅಷ್ಟರಲ್ಲಿ ಮಾಲು ಯಾರದೋ ಲಾರಿಯಲ್ಲಿರುತ್ತೆ. ಮರುಹರಾಜು ನಿಲ್ಲಿಸೋಕೆ ತಾತ್ಕಾಲಿಕ ತಡೆಯಾಜ್ಞೆ ನಿಜಕ್ಕೂ ಸಿಗುತ್ತಾ? "ಲಾಯರನ್ನ ಕೇಳಿ" ಅನ್ನೋ ಉತ್ತರ ದಯವಿಟ್ಟು ಬೇಡ.

ತಟಸ್ಥ
ಲಾಯರನ್ನ ಕೇಳಿ.

ಸಿವಿಲ್_ಸೈಡ್
80(1)ರ ಎರಡು ತಿಂಗಳು ನಿಜ. ಅದಕ್ಕೇ 80(2) ಇರೋದು. ತುರ್ತು ಪರಿಹಾರ ಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆ ದಾವೆ ಹೂಡಬಹುದು. ದಾವಾಪತ್ರದ ಜೊತೆಗೇ ಅನುಮತಿ ಕೋರುವ ಐ.ಎ. (ಮಧ್ಯಂತರ ಅರ್ಜಿ) ಹಾಕಬೇಕು, ತುರ್ತು ಏನು ಅಂತ ಪ್ರಮಾಣಪತ್ರದಲ್ಲಿ ತಾರೀಖು ಸಮೇತ ಹೇಳಬೇಕು. ಮರುಹರಾಜಿನ ಪ್ರಕಟಣೆಯ ಪ್ರತಿಯೇ ಅಲ್ಲಿ ಬ್ರಹ್ಮಾಸ್ತ್ರ.

ಅಲ್ಲೊಂದು ಗುಂಡಿ ಇದೆ, ಅರ್ಧ ಜನ ಅದರಲ್ಲೇ ಬೀಳ್ತಾರೆ. 80(2)ರಲ್ಲಿ ಹೋದವರಿಗೆ ಸರ್ಕಾರಕ್ಕೆ ಕಾರಣ ತೋರಿಸುವ ಅವಕಾಶ ಕೊಡದೆ ಮಧ್ಯಂತರ ಪರಿಹಾರವನ್ನೂ ಕೊಡುವ ಹಾಗಿಲ್ಲ ಅಂತ ಕಲಮಿನಲ್ಲೇ ಬರೆದಿದೆ. ಅಂದರೆ ಏಕಪಕ್ಷೀಯ ತಡೆಯಾಜ್ಞೆ ಮರೆತುಬಿಡಿ. ಬೆಳಿಗ್ಗೆ ಸರ್ಕಾರಿ ವಕೀಲರಿಗೆ ಪ್ರತಿ ಕೊಟ್ಟು, ಅವತ್ತೇ ಮಧ್ಯಾಹ್ನ ಅಥವಾ ಮರುದಿನ ವಿಚಾರಣೆಗೆ ಕೇಳೋದು ದಾರಿ. ತುರ್ತಿಲ್ಲ ಅಂತ ಕೋರ್ಟಿಗೆ ಅನ್ನಿಸಿದರೆ ದಾವಾಪತ್ರ ವಾಪಸ್ ಕೊಡುತ್ತೆ, ನೋಟಿಸ್ ಕೊಟ್ಟು ಎರಡು ತಿಂಗಳು ಬಿಟ್ಟು ಬನ್ನಿ ಅಂತ.

ರಿಟ್_ರಾಜ
ಇಷ್ಟೆಲ್ಲ ಯಾಕೆ? ನೇರ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್. ಕಾರಣ ಹೇಳದ ರದ್ದತಿ, ನೋಟಿಸ್ ಇಲ್ಲ, ವಿಚಾರಣೆ ಇಲ್ಲ. 14ನೇ ವಿಧಿ, ಸಮಾನತೆ. ಮುಗೀತು.

ಸಿವಿಲ್_ಸೈಡ್
@ರಿಟ್_ರಾಜ ಮುಗಿಯಲ್ಲ ಸ್ವಾಮಿ. ರಾಧಾಕೃಷ್ಣ ಅಗರ್ವಾಲ್ ವಿರುದ್ಧ ಬಿಹಾರ ಸರ್ಕಾರ, 1977. ಅದು ಅರಣ್ಯದ್ದೇ ಕೇಸು, ಸಾಲ್ ಬೀಜ ಸಂಗ್ರಹದ 15 ವರ್ಷದ ಗುತ್ತಿಗೆ. ಸರ್ಕಾರ ಮೊದಲು ದರ ಏರಿಸಿತು, ಆಮೇಲೆ ಗುತ್ತಿಗೆಯನ್ನೇ ರದ್ದು ಮಾಡಿತು. ಒಪ್ಪಂದ ಆದ ಮೇಲಿನ ಉಲ್ಲಂಘನೆಗೆ ರಿಟ್ ಅಲ್ಲ, ಸಾಮಾನ್ಯ ಕಾನೂನಿನ ಪರಿಹಾರ ನೋಡಿಕೊಳ್ಳಿ ಅಂತ ಸುಪ್ರೀಂ ಕೋರ್ಟು ಹೇಳಿ ಕಳಿಸಿತು. ಸರ್ಕಾರಿ ವಕೀಲರು ಇವತ್ತಿಗೂ ಮೊದಲು ತೆಗೆಯೋದು ಅದನ್ನೇ.

ರಿಟ್_ರಾಜ
1977ರಲ್ಲೇ ನಿಂತುಬಿಟ್ಟಿದ್ದೀರಿ. ಎಬಿಎಲ್ ಇಂಟರ್‌ನ್ಯಾಷನಲ್ 2004 ಓದಿ. ಒಪ್ಪಂದದ ವಿಷಯ ಅನ್ನೋ ಒಂದೇ ಕಾರಣಕ್ಕೆ ರಿಟ್ ಬಾಗಿಲು ಮುಚ್ಚಲ್ಲ. 2024ರ ಜುಲೈನಲ್ಲಿ ಸುಬೋಧ್ ಕುಮಾರ್ ಸಿಂಗ್ ರಾಠೋಡ್ ಕೇಸು: ಕೋಲ್ಕತ್ತದ ಅಂಡರ್‌ಪಾಸ್ ನಿರ್ವಹಣೆಯ ಟೆಂಡರನ್ನ ಪ್ರಾಧಿಕಾರ ರದ್ದು ಮಾಡಿತ್ತು. ಮನಸೋ ಇಚ್ಛೆ ರದ್ದತಿ ಅಂತ ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿತು. ಆಡಳಿತಾತ್ಮಕ ಕಾರಣ ಅನ್ನೋ ಎರಡು ಪದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಎಲ್ಲಿದೆ?

ಜೊತೆಗೆ ಮೊಹಿಂದರ್ ಸಿಂಗ್ ಗಿಲ್ 1978. ಆದೇಶದಲ್ಲಿ ಇಲ್ಲದ ಕಾರಣವನ್ನ ಆಮೇಲೆ ಪ್ರಮಾಣಪತ್ರದಲ್ಲಿ ತುಂಬೋ ಹಾಗಿಲ್ಲ. ಇಲಾಖೆ ಆಕ್ಷೇಪಣೆ ಸಲ್ಲಿಸುವಾಗ ಬಿಡ್ಡುದಾರರು ಸಿಂಡಿಕೇಟ್ ಮಾಡಿದ್ದರು, ದರ ಕಮ್ಮಿ ಬಂದಿತ್ತು ಅಂತೆಲ್ಲ ಹೊಸ ಪುರಾಣ ಶುರು ಮಾಡಿದರೆ ಇದನ್ನ ಮುಂದಿಡಿ.

ಫೈಲ್_ನೋಟಿಂಗ್
ಇಲಾಖೆಯ ಕಡೆಯಿಂದಲೂ ಸ್ವಲ್ಪ ನೋಡೋಣ. "ಆಡಳಿತಾತ್ಮಕ ಕಾರಣ" ಅಂತ ಪತ್ರದಲ್ಲಿದ್ದರೂ ಟಿಪ್ಪಣಿ ಹಾಳೆಯಲ್ಲಿ ಕಾರಣ ಬರೆದೇ ಇರ್ತಾರೆ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಅಂದಾಜು ದರಕ್ಕಿಂತ ಬಿಡ್ ಕೆಳಗಿತ್ತು ಮತ್ತು ದೃಢೀಕರಿಸಿದ ಅಧಿಕಾರಿಗೆ ಅಷ್ಟು ಮೊತ್ತದ ಅಧಿಕಾರ ಇರಲಿಲ್ಲ, ಬಿಡ್ಡುದಾರರು ಒಳಗೊಳಗೇ ಹೊಂದಿಕೊಂಡರು ಅಂತ ದೂರು, ಲಾಟ್ ಪಟ್ಟಿಯ ಅಳತೆ ತಪ್ಪು, ಅಥವಾ ಕಂತು ಗಡುವು ದಾಟಿ ಬಂತು. ಮೊದಲನೆಯದಾದರೆ ಇಲಾಖೆಯ ಕೈ ಗಟ್ಟಿ. ಕೊನೆಯದಾದರೆ ಷರತ್ತಿನ ಪ್ರಕಾರ ಇಎಂಡಿಯೂ ಹೋಗುತ್ತೆ.

ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಟಿಪ್ಪಣಿ ಹಾಳೆ ಕೇಳಿ. 30 ದಿನ ಕಾಯೋಕೆ ಆಗಲ್ಲ, ಗೊತ್ತು. ಅರ್ಜಿ ಮಾತ್ರ ಇವತ್ತೇ ಬೀಳಲಿ, ಉತ್ತರ ಮುಖ್ಯ ವಿಚಾರಣೆಗೆ ಒದಗುತ್ತೆ. ರಿಟ್ ಹಾಕಿದರೆ ಮೂಲ ಕಡತ ತರಿಸಿ ಅಂತ ಮೊದಲ ದಿನವೇ ಪ್ರಾರ್ಥಿಸಬಹುದು.

ಕಿರವತ್ತಿ_ಗಾಳಿ
ಎಲ್ಲಾರೂ ಕಾನೂನ ಹೇಳಾಕತ್ತೀರಿ, ಮಾಲಿನ ಸುದ್ದಿ ಯಾರೂ ಎತ್ತವಲ್ಲರಿ. ತೇಗ ಅಂದ್ರ ಚಿಂತಿಲ್ಲ, ಚೇಗು (ಒಳಗಿನ ತಿರುಳು) ಗಟ್ಟಿ ಇದ್ರ ಡಿಪೋದಾಗ ಎರಡು ಮಳಿಗಾಲ ತಡೀತದ. ಹೊರಗಿನ ಬಿಳಿ ಭಾಗಕ್ಕ ಹುಳ ಬೀಳ್ತಾವ, ತುದಿ ಸೀಳ್ತಾವ, ಅಷ್ಟ. ಬೀಟಿಗೂ ಹಂಗ. ನೀಲಗಿರಿ, ಅಕೇಷಿಯಾ, ಸಿಲ್ವರ್ ಲಾಟಿಗೆ ಸ್ಟೇ ತಂದ್ರ ಮುಗೀತ್ರೀ ಕತಿ. ನೀಲಗಿರಿ ಕಡದ ಕೆಲವು ದಿನದಾಗ ತುದಿ ಬಾಯಿ ಬಿಡ್ತದ. ಪಲ್ಪಿನ ಕಟ್ಟಿಗಿ ಟನ್ ಲೆಕ್ಕದ ಮ್ಯಾಲ ಹೋಗೂದು, ಒಣಗಿದಷ್ಟೂ ತೂಕ ಇಳೀತದ. ಆರು ತಿಂಗಳ ಯಥಾಸ್ಥಿತಿ ತಗೊಂಡು ಆಮ್ಯಾಲ ಗೆದ್ರ ಏನ್ ಸಿಗ್ತದ, ಉರವಲ.

ಕಾಲಂ39
@ಕಿರವತ್ತಿ_ಗಾಳಿ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರೋ ಮೊದಲ ಮಾತು ನಿಮ್ಮದು. ಇದಕ್ಕೆ ಸಿಪಿಸಿಯಲ್ಲೇ ಮದ್ದಿದೆ, ಯಾರೂ ಬಳಸಲ್ಲ ಅಷ್ಟೆ.

ಆದೇಶ 39, ನಿಯಮ 6: ದಾವೆಗೆ ಒಳಪಟ್ಟ ಚರ ವಸ್ತು ಬೇಗ ಕೆಡುವಂಥದ್ದಾದರೆ, ಅಥವಾ ಬೇರೆ ಸಕಾರಣ ಇದ್ದರೆ, ಕೋರ್ಟು ಮಧ್ಯಂತರ ಮಾರಾಟಕ್ಕೆ ಆದೇಶಿಸಬಹುದು. ಹಣ ಕೋರ್ಟಿನಲ್ಲಿ ಠೇವಣಿ. ಗೆದ್ದವರಿಗೆ ಮರದ ಬದಲು ಹಣ.

ನಿಯಮ 7: ಮಾಲಿನ ತಪಾಸಣೆ, ಸಂರಕ್ಷಣೆ. ಆದೇಶ 26 ನಿಯಮ 9ರ ಅರ್ಜಿಯನ್ನೂ ಸೇರಿಸಿ ಕೋರ್ಟ್ ಕಮಿಷನರನ್ನ ಡಿಪೋಗೆ ಕಳಿಸಿ, ದಿಮ್ಮಿ ಸಂಖ್ಯೆ, ಸುತ್ತಳತೆ, ಉದ್ದ, ಸುತ್ತಿಗೆ ಗುರುತು ಎಲ್ಲ ದಾಖಲಿಸಿ ಮಹಜರು ಮಾಡಿಸಿ. ಇದು ತಡೆಯಾಜ್ಞೆಗಿಂತ ಸುಲಭವಾಗಿ ಸಿಗುತ್ತೆ, ಯಾಕಂದ್ರೆ ಯಾರಿಗೂ ನಷ್ಟವಿಲ್ಲ. ಆಮೇಲೆ "ಆ ಲಾಟೇ ಬೇರೆ, ಈ ಲಾಟೇ ಬೇರೆ" ಅನ್ನೋ ಮಾತಿಗೆ ಜಾಗ ಇರಲ್ಲ.

ಕೇಳುವ ಪ್ರಾರ್ಥನೆಯನ್ನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ. ಮೊದಲು ಮರುಹರಾಜಿಗೆ ತಡೆ. ಅದಿಲ್ಲದಿದ್ದರೆ ಮರುಹರಾಜು ನಡೆಯಲಿ, ದೃಢೀಕರಣ ಬೇಡ. ಅದೂ ಇಲ್ಲದಿದ್ದರೆ ದೃಢೀಕರಣವೂ ಆಗಲಿ, ದಾವೆಯ ತೀರ್ಪಿಗೆ ಒಳಪಟ್ಟು ಅಂತ ಹೊಸ ಬಿಡ್ಡುದಾರರಿಗೆ ಮೊದಲೇ ತಿಳಿಸಿ, ಹಣ ಪ್ರತ್ಯೇಕ ಖಾತೆಯಲ್ಲಿರಲಿ. ಒಂದನ್ನೇ ಹಿಡಿದು ಕೂತರೆ ಕೋರ್ಟು ಇಲ್ಲ ಅನ್ನೋದು ಸುಲಭ. ಮೂರನೆಯದಕ್ಕೆ ಸರ್ಕಾರಿ ವಕೀಲರೇ ಒಪ್ಪಿಬಿಡೋದೂ ಇದೆ.

ಲಾಟ್_ನಂಬರ್
@ಕಾಲಂ39 ಕಮಿಷನರ್ ಅರ್ಜಿ ಹೊಳೆದೇ ಇರಲಿಲ್ಲ. ಆದರೆ ಮೂಲ ಪ್ರಶ್ನೆ ಹಾಗೇ ಉಳೀತು: ಮೊದಲ ಮೆಟ್ಟಿಲು, ಮರುಹರಾಜಿಗೇ ತಡೆ, ಸಿಗುತ್ತಾ?

ಸಿವಿಲ್_ಸೈಡ್
ಹಣದಲ್ಲಿ ಅಳೆಯಬಹುದಾದ ನಷ್ಟಕ್ಕೆ ತಡೆಯಾಜ್ಞೆ ಕಷ್ಟ. ಮೇಲ್ನೋಟದ ಕೇಸು, ಅನುಕೂಲದ ತಕ್ಕಡಿ, ತುಂಬಲಾರದ ನಷ್ಟ, ಮೂರೂ ಬೇಕು. ದಲ್ಪತ್ ಕುಮಾರ್ 1992. ತೇಗ ಅನ್ನೋದು ಮಾರುಕಟ್ಟೆಯಲ್ಲಿ ಸಿಗುವ ಮಾಲು. ಇವತ್ತಿನ ದರಕ್ಕೂ ಬಿಡ್ಡಿಗೂ ವ್ಯತ್ಯಾಸ ಎಷ್ಟೋ ಅಷ್ಟು ಪರಿಹಾರ ಕೇಳಿ ಅಂತಾರೆ. ಬೆಸ್ಟ್ ಸೆಲ್ಲರ್ಸ್ ರಿಟೇಲ್ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ, ಅದು ಕರ್ನಾಟಕದಿಂದಲೇ ಹೋದ ಕೇಸು. ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಮಿನಲ್ಲೂ, ಹಣದ ಪರಿಹಾರ ಸಾಕಾದರೆ ಒಪ್ಪಂದ ಜಾರಿ ಇಲ್ಲ ಅಂತ ಇದೆ.

ಕಾಲಂ39
@ಸಿವಿಲ್_ಸೈಡ್ ಕೊನೆಯ ಸಾಲು ಹಳೇ ಕಾನೂನು. 2018ರ ತಿದ್ದುಪಡಿ 1-10-2018ರಿಂದ ಜಾರಿಯಲ್ಲಿದೆ, ಆ ಮಾತು 14ರಿಂದ ಕಿತ್ತುಹೋಗಿದೆ. ಈಗ ಉಳಿದಿರೋದು ಬದಲಿ ನೆರವೇರಿಕೆ ಪಡೆದವರು, ಕೋರ್ಟು ಮೇಲ್ವಿಚಾರಣೆ ಮಾಡಲಾಗದ ನಿರಂತರ ಕರ್ತವ್ಯ, ವೈಯಕ್ತಿಕ ಅರ್ಹತೆ ನೆಚ್ಚಿದ ಒಪ್ಪಂದ, ಮತ್ತು 14(ಡಿ), ಸ್ವಭಾವತಃ ಕೊನೆಗೊಳಿಸಬಹುದಾದ ಒಪ್ಪಂದ.

ನಾಟಾ ಕೇಸುಗಳು ಸಾಯೋದು ಈ 14(ಡಿ)ಯಲ್ಲಿ. ಹರಾಜಿನ ಷರತ್ತು ತೆಗೆದು ಓದಿ. "ಯಾವುದೇ ಕಾರಣ ನೀಡದೆ ಹರಾಜನ್ನು ರದ್ದುಪಡಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದೆ" ಅನ್ನೋ ಸಾಲು ದೃಢೀಕರಣಕ್ಕೆ ಮುಂಚೆ ಮಾತ್ರ ಅನ್ವಯಿಸುತ್ತಾ, ಆಮೇಲೂ ಅನ್ವಯಿಸುತ್ತಾ? ಆಮೇಲೂ ಅಂದರೆ ಅಮೃತಸರ್ ಗ್ಯಾಸ್ 1991 ನಿಮ್ಮ ಮೇಲೆ ಬೀಳುತ್ತೆ: ಪರಿಹಾರ ಹಣ ಮಾತ್ರ, ಒಪ್ಪಂದದ ಮರುಸ್ಥಾಪನೆ ಇಲ್ಲ. 14ರಲ್ಲಿ ಜಾರಿಯಾಗದ್ದಕ್ಕೆ 41(ಇ) ಪ್ರಕಾರ ತಡೆಯಾಜ್ಞೆಯೂ ಇಲ್ಲ. ಆ ಸಾಲು "ದೃಢೀಕರಣಕ್ಕೆ ಮೊದಲು" ಅಂತ ಇದ್ದರೆ ನಿಮಗೆ ಉಸಿರು.

ಸಿವಿಲ್_ಸೈಡ್
14ರಿಂದ ಹೋಗಿರಬಹುದು, ಆದೇಶ 39ರ ತುಂಬಲಾರದ ನಷ್ಟದ ಪರೀಕ್ಷೆ ಎಲ್ಲೂ ಹೋಗಿಲ್ಲ. ಕೆಳ ಕೋರ್ಟಿನಲ್ಲಿ ತೂಗೋದು ಅದೇ ಕಲ್ಲಿನಲ್ಲಿ.

ಹೊಪ್ಪಸ್_ಅಜ್ಜ
ಮಾರಾಯ್ರೇ, ನೀವಿಬ್ಬರೂ ಒಂದು ಹೆಜ್ಜೆ ಹಾರಿ ಮುಂದೆ ಹೋಗಿದ್ದೀರಿ. ಮರ ಯಾರದ್ದು ಅಂತ ಮೊದಲು ತೀರ್ಮಾನ ಆಗಲಿ.

ಡಿಪೋದ ಲಾಟು ಅಂದರೆ ನಂಬರು ಹೊಡೆದು, ಅಳತೆ ಬರೆದು, ಅಟ್ಟಿ ಹಾಕಿದ ನಿರ್ದಿಷ್ಟ ಮಾಲು. ಸರಕು ಮಾರಾಟ ಕಾಯ್ದೆ 64ರಲ್ಲಿ ಸುತ್ತಿಗೆ ಬಿದ್ದಾಗ ಹರಾಜು ಪೂರ್ಣ. 20ರಲ್ಲಿ, ಷರತ್ತಿಲ್ಲದ ಒಪ್ಪಂದವಾದರೆ ಮಾಲಿಕತ್ವ ಆಗಲೇ ದಾಟುತ್ತೆ, ಹಣ ಆಮೇಲೆ ಕೊಟ್ಟರೂ. ಆದರೆ ಅಳತೆ ಮಾಡಿಯೇ ಬೆಲೆ ಗೊತ್ತಾಗಬೇಕಿದ್ದರೆ 22: ಅಳತೆ ಮುಗಿದು ಕೊಂಡವನಿಗೆ ತಿಳಿಯುವವರೆಗೆ ದಾಟಲ್ಲ. ಇದೆಲ್ಲದರ ಮೇಲೆ 19 ಮತ್ತು 25 ಕೂತಿವೆ, ಅಂದರೆ ಪಕ್ಷಗಳು ಏನು ಒಪ್ಪಿದ್ದಾರೋ ಅದು. ಸರ್ಕಾರಿ ಷರತ್ತಿನಲ್ಲಿ ಪೂರ್ತಿ ಹಣ, ತೆರಿಗೆ ಎಲ್ಲ ಕಟ್ಟಿ ವಿತರಣಾ ಆದೇಶ ಕೊಡುವವರೆಗೆ ಮಾಲು ಸರ್ಕಾರದ್ದೇ ಅಂತ ಸಾಮಾನ್ಯವಾಗಿ ಇರುತ್ತೆ.

ಹಾಗಾಗಿ ವ್ಯತ್ಯಾಸ ಇಲ್ಲಿದೆ. ಪೂರ್ತಿ ಹಣ ಕಟ್ಟಿ ವಿತರಣಾ ಆದೇಶ ಕೈಯಲ್ಲಿದ್ದರೆ ರದ್ದತಿ ಅನ್ನೋದು ನಿಮ್ಮ ಮಾಲನ್ನ ಇನ್ನೊಬ್ಬರಿಗೆ ಮಾರೋ ಯತ್ನ. ತಡೆಯಾಜ್ಞೆ ಸಿಗುವ ಸಾಧ್ಯತೆ ಒಳ್ಳೇದು. ಮೊದಲ ಕಂತು ಮಾತ್ರ ಆಗಿದ್ದರೆ ನಿಮ್ಮ ಹತ್ತಿರ ಇರೋದು ಒಪ್ಪಂದದ ಹಕ್ಕು, ಮರ ಅಲ್ಲ. ಬಾಕಿ ಕಂತಿನ ಗಡುವು ಇನ್ನೂ ಇದ್ದರೆ ಇವತ್ತೇ ಡಿ.ಡಿ. ತೆಗೆದು ಪತ್ರದ ಜೊತೆ ಕೊಡಿ. ತಗೊಳ್ಳದಿದ್ದರೆ ನೋಂದಾಯಿತ ಅಂಚೆ. ದಾವೆ ಹಾಕುವಾಗ ಆ ಮೊತ್ತ ಕೋರ್ಟಿನಲ್ಲಿ ಠೇವಣಿ ಇಡಲು ಸಿದ್ಧ ಅಂತ ಬರೆಯಿರಿ. ಸಿದ್ಧ, ಇಚ್ಛೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ.

ಗರಗಸದ_ಪುಡಿ
ಅಳತೆ ಮಾತು ಬಂತಲ್ಲ, ಅಜ್ಜನ ಹೆಸರಿಗೆ ತಕ್ಕ ಪ್ರಶ್ನೆ (ಹೊಪ್ಪಸ್ ಅಂದರೆ ಕ್ವಾರ್ಟರ್ ಗರ್ತ್ ಅಳತೆಯೇ). ಕ್ವಾರ್ಟರ್ ಗರ್ತ್ ಲೆಕ್ಕದಲ್ಲಿ ಲಾಟ್ ಪಟ್ಟಿ ಇದ್ದು, ಕಮಿಷನರ್ ನಿಜ ಘನ ಅಳತೆ ಹಾಕಿದರೆ ಗೊಂದಲ ಆಗಲ್ವಾ?

ಹೊಪ್ಪಸ್_ಅಜ್ಜ
@ಗರಗಸದ_ಪುಡಿ ಆಗುತ್ತೆ, ಆಗೇ ಆಗುತ್ತೆ. ನಡು ಸುತ್ತಳತೆ 1.20 ಮೀ., ಉದ್ದ 4 ಮೀ. ದಿಮ್ಮಿ ತಗೊಳ್ಳಿ. ಸುತ್ತಳತೆಯ ಕಾಲು ಭಾಗ 0.30, ಅದರ ವರ್ಗ 0.09, ಉದ್ದದಿಂದ ಗುಣಿಸಿದರೆ 0.36 ಘನ ಮೀಟರ್. ಅದೇ ದಿಮ್ಮಿಯ ನಿಜ ಘನ ಗಾತ್ರ ಸುಮಾರು 0.458. ಕ್ವಾರ್ಟರ್ ಗರ್ತ್ ಯಾವಾಗಲೂ ನಿಜದ 78.5 ಪ್ರತಿಶತವೇ ತೋರಿಸೋದು. ಗೊತ್ತಿಲ್ಲದ ಕಮಿಷನರ್ ವರದಿ ಕೊಟ್ಟರೆ, "ಡಿಪೋದಲ್ಲಿ ಪಟ್ಟಿಗಿಂತ ಹೆಚ್ಚು ಮಾಲಿದೆ, ಸರ್ಕಾರಕ್ಕೆ ನಷ್ಟ ಆಗ್ತಿತ್ತು, ಅದಕ್ಕೇ ರದ್ದು" ಅಂತ ಇಲಾಖೆಗೆ ನೀವೇ ಕಾರಣ ಒದಗಿಸಿದ ಹಾಗೆ. ಕಮಿಷನರಿಗೆ ಕೊಡೋ ಸೂಚನಾ ಮೆಮೋದಲ್ಲಿ ಸೂತ್ರ ಬರೆದುಕೊಡಿ, ತೊಗಟೆ ಬಿಟ್ಟೋ ಸೇರಿಸಿಯೋ ಅಂತಲೂ ಬರೆಯಿರಿ.

ಕಿರವತ್ತಿ_ಗಾಳಿ
ತೊಗಟಿ ಒಂದು ಮಾತಿನ್ಯಾಗ ಎಷ್ಟು ಜಗಳ ನಡದಾವ ಅಂತ ಬರಿಯಾಕ ಕುಂತ್ರ ಈ ಪುಟ ಸಾಲೂದಿಲ್ಲ 😄

ನ್ಯಾಯಬೆಲೆ
ಸಂವಿಧಾನದ 299ನೇ ವಿಧಿ ಯಾರೂ ಹೇಳಲಿಲ್ಲ! ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯಲ್ಲಿ ಇಲ್ಲದ ಒಪ್ಪಂದ ಒಪ್ಪಂದವೇ ಅಲ್ಲ. ಕೆ.ಪಿ. ಚೌಧರಿ ವಿರುದ್ಧ ಮಧ್ಯಪ್ರದೇಶ, 1967. ಅದೂ ಕಾಡಿನ ಹರಾಜೇ. ಬಿಡ್ಡುದಾರ ಹಣ ಕಟ್ಟಲಿಲ್ಲ, ಮರುಹರಾಜಿನಲ್ಲಿ ಕಮ್ಮಿ ಬಂತು, ಕೊರತೆ ವಸೂಲಿಗೆ ಸರ್ಕಾರ ಹೊರಟಿತು. 299ರ ಪ್ರಕಾರ ಒಪ್ಪಂದವೇ ಆಗಿಲ್ಲ, ಕೊರತೆ ಕೇಳೋ ಹಾಗಿಲ್ಲ ಅಂತ ತೀರ್ಪು.

ಸಿವಿಲ್_ಸೈಡ್
ಆ ಕತ್ತಿಗೆ ಎರಡೂ ಕಡೆ ಬಾಯಿ. ಒಪ್ಪಂದವೇ ಇಲ್ಲ ಅಂದಮೇಲೆ ನೀವು ಜಾರಿಗೆ ಕೇಳೋದು ಏನನ್ನ? ಮೂಲಂಚಂದ್ 1968, ಅದೂ ಮಧ್ಯಪ್ರದೇಶದ ಅರಣ್ಯ ಉತ್ಪನ್ನದ್ದೇ. ಅಲ್ಲಿ ಉಳಿದಿದ್ದು ಒಪ್ಪಂದ ಕಾಯ್ದೆ 70ರ ದಾರಿ ಮಾತ್ರ, ಕೊಟ್ಟದ್ದನ್ನ ಹಿಂದೆ ಕೇಳೋದು. ಆದರೆ ಗಾಬರಿ ಬೇಡ. ಟೆಂಡರು, ಸ್ವೀಕಾರ ಪತ್ರ ಎರಡೂ ಅಧಿಕೃತ ವ್ಯಕ್ತಿಯಿಂದ ಸರಿಯಾದ ರೂಪದಲ್ಲಿ ಬಂದಿದ್ದರೆ ಪ್ರತ್ಯೇಕ ಕರಾರು ಪತ್ರ ಬೇಕೇ ಬೇಕು ಅಂತಿಲ್ಲ, ರಲಿಯಾ ರಾಮ್ 1963. ದೃಢೀಕರಣ ಪತ್ರದಲ್ಲಿ ಸಹಿ ಹಾಕಿದ್ದು ಯಾರು, ಅವರಿಗೆ ಎಷ್ಟು ಮೊತ್ತದವರೆಗೆ ಅಧಿಕಾರ, ಅದೊಂದು ನೋಡಿ.

ಅಡಿಕೆ_ಸಿಪ್ಪೆ
ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ಕಾಯ್ದೆ 16ರಲ್ಲಿ ಮೇಲ್ಮನವಿ ಹಾಕಬಹುದಲ್ಲ? 30 ದಿನ ಇದೆ. ಖರ್ಚೂ ಕಮ್ಮಿ.

ಫೈಲ್_ನೋಟಿಂಗ್
@ಅಡಿಕೆ_ಸಿಪ್ಪೆ ಇಲ್ಲ. 1999ರ ಆ ಕಾಯ್ದೆ ಸರ್ಕಾರ ಕೊಳ್ಳೋದಕ್ಕೆ, ಮಾರೋದಕ್ಕಲ್ಲ. ಡಿಪೋ ಹರಾಜಿಗೆ ಅನ್ವಯಿಸಲ್ಲ. ಆದರೆ ಮರ ಕಡಿದು, ತುಂಡು ಮಾಡಿ, ಡಿಪೋಗೆ ಸಾಗಿಸೋ ಕೆಲಸದ ಗುತ್ತಿಗೆ ಇದೆಯಲ್ಲ, ಅದಕ್ಕೆ ಅನ್ವಯಿಸುತ್ತೆ, ಅದು ಇಲಾಖೆ ಸೇವೆ ಕೊಳ್ಳೋದು. ನಾಟಾ ಗುತ್ತಿಗೆ ಅಂತ ಎಲ್ಲವನ್ನೂ ಒಂದೇ ಮೂಟೆ ಕಟ್ಟಬೇಡಿ. ಕಡಿತ-ಸಾಗಣೆ ಗುತ್ತಿಗೆ ರದ್ದಾದರೆ ತಡೆಯಾಜ್ಞೆ ಇನ್ನೂ ಕಷ್ಟ. ಕೂಲಿ, ಆನೆ, ಟ್ರ್ಯಾಕ್ಟರು ಇಟ್ಟುಕೊಂಡು ತಿಂಗಳುಗಟ್ಟಲೆ ನಡೆಯೋ ಕೆಲಸವನ್ನ ಕೋರ್ಟು ಮೇಲ್ವಿಚಾರಣೆ ಮಾಡಲ್ಲ. ಅಲ್ಲಿ ಕೇಳಬೇಕಾದ್ದು ಆಗಿರೋ ಕೆಲಸದ ಜಂಟಿ ಅಳತೆ, ಬಾಕಿ ಬಿಲ್ಲು, ಭದ್ರತಾ ಠೇವಣಿ.

ಮತ್ತೆ ಕೆಲವರು ನೋಟಿಸಿನಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆಯ 82, 83 ಬರೀತಾರೆ. ಇಲ್ಲಿ ನಡೆಯೋದು 1963ರ ಕರ್ನಾಟಕ ಅರಣ್ಯ ಕಾಯ್ದೆ, 1969ರ ನಿಯಮಗಳು.

ಗರಗಸದ_ಪುಡಿ
ನಿಂತ ಮರದ ಲಾಟು ಕೊಂಡಿದ್ರೆ?

ಹೊಪ್ಪಸ್_ಅಜ್ಜ
@ಗರಗಸದ_ಪುಡಿ ಬೇಗ ಕಡಿಯಬೇಕಾದ ನಿಂತ ನಾಟಾ ಸ್ಥಿರಾಸ್ತಿ ಅಲ್ಲ, ಸ್ವತ್ತು ವರ್ಗಾವಣೆ ಕಾಯ್ದೆ 3ನೇ ಕಲಂ. ವರ್ಷಗಟ್ಟಲೆ ಬೆಳೆಯಲು ಬಿಟ್ಟು ಕಡಿಯೋ ಹಕ್ಕು ಬೇರೆ, ಶಾಂತಾಬಾಯಿ 1958 ನೋಡಿ. ಆದರೆ ನಿಜವಾದ ತಲೆನೋವು ಅವಧಿ. ನಿಂತ ಲಾಟಿಗೆ ಇಷ್ಟು ದಿನದೊಳಗೆ ಕಡಿದು ಸಾಗಿಸಬೇಕು ಅಂತ ಗಡುವು ಇರುತ್ತೆ. ಏಪ್ರಿಲ್‌ನಲ್ಲಿ ರದ್ದಾಗಿ, ಜೂನ್‌ನಲ್ಲಿ ತಡೆಯಾಜ್ಞೆ ಬಂದರೆ ಕಾಡಿನ ದಾರಿಯಲ್ಲಿ ಲಾರಿಯೇ ಇಳಿಯಲ್ಲ. ಮಳೆ ನಿಲ್ಲೋ ಹೊತ್ತಿಗೆ ಗಡುವು ಮುಗಿದಿರುತ್ತೆ. ರದ್ದತಿಯ ದಿನದಿಂದ ಆದೇಶದ ದಿನದವರೆಗಿನ ಕಾಲವನ್ನ ಗಡುವಿನಿಂದ ಹೊರಗಿಡಿ ಅಂತ ಪ್ರತ್ಯೇಕವಾಗಿ ಕೇಳಬೇಕು.

ರಿಟ್_ರಾಜ
ಅದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದೆ. ಕೆ.ಎನ್. ಗುರುಸ್ವಾಮಿ ವಿರುದ್ಧ ಮೈಸೂರು ಸರ್ಕಾರ, 1954. ಹೆಂಡದ ಗುತ್ತಿಗೆ. ಹರಾಜು ಬಿಟ್ಟು ಇನ್ನೊಬ್ಬರಿಗೆ ಕೊಟ್ಟಿದ್ದು ತಪ್ಪು ಅಂತ ಸುಪ್ರೀಂ ಕೋರ್ಟು ಒಪ್ಪಿತು. ಆದರೆ ಗುತ್ತಿಗೆ ಅವಧಿಯಲ್ಲಿ ಉಳಿದಿದ್ದು ಹದಿನೈದು ದಿನದಷ್ಟು, ಹಾಗಾಗಿ ರಿಟ್ ಕೊಡಲಿಲ್ಲ. ನ್ಯಾಯ ನಿಮ್ಮದು, ಗುತ್ತಿಗೆ ಅವರದು.

ಸಿವಿಲ್_ಸೈಡ್
ನೋಡಿ, ನಮ್ಮ ಪರ ವಾದ ನೀವೇ ಮಾಡ್ತಿದ್ದೀರಿ.

ರಿಟ್_ರಾಜ
ಬೇಗ ಹೋಗಿ ಅಂತ ಹೇಳ್ತಿದ್ದೀನಿ ಸ್ವಾಮಿ, ಹೋಗಬೇಡಿ ಅಂತಲ್ಲ.

ವಾಣಿಜ್ಯ_ಕಟ್ಟೆ
ಸಿವಿಲ್ ಕೋರ್ಟು ಸಿವಿಲ್ ಕೋರ್ಟು ಅಂತಿದ್ದೀರಲ್ಲ, ಮೌಲ್ಯ 3 ಲಕ್ಷ ದಾಟಿದರೆ ವಾಣಿಜ್ಯ ನ್ಯಾಯಾಲಯ. ಸರಕು ಮಾರಾಟದ ಒಪ್ಪಂದ, ನೈಸರ್ಗಿಕ ಸಂಪತ್ತಿನ ಬಳಕೆ ಎರಡೂ ವಾಣಿಜ್ಯ ವ್ಯಾಜ್ಯದ ವ್ಯಾಖ್ಯೆಯಲ್ಲಿವೆ. ಒಂದು ಪಕ್ಷ ಸರ್ಕಾರ ಅನ್ನೋ ಕಾರಣಕ್ಕೆ ಅದು ತಪ್ಪಲ್ಲ. 40 ಘನ ಮೀಟರ್ ತೇಗ 3 ಲಕ್ಷದೊಳಗೆ ಬರೋ ಕಾಲ ಯಾವತ್ತೋ ಹೋಯಿತು. ಸಾಮಾನ್ಯ ಕೋರ್ಟಿನಲ್ಲಿ ಹಾಕಿದರೆ ಆರು ತಿಂಗಳಾದ ಮೇಲೆ ದಾವಾಪತ್ರ ವಾಪಸ್, ತಡೆಯಾಜ್ಞೆಯೂ ಅದರ ಜೊತೆ.

ಅಲ್ಲಿ ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಇದೆ, ದಾವೆಗೆ ಮುಂಚೆ ಮಧ್ಯಸ್ಥಿಕೆ (ಮೀಡಿಯೇಷನ್) ಕಡ್ಡಾಯ, ಪಾಟೀಲ್ ಆಟೊಮೇಷನ್ 2022. ತುರ್ತು ಮಧ್ಯಂತರ ಪರಿಹಾರ ಕೋರಿದ ದಾವೆಗೆ ವಿನಾಯಿತಿ. ಆದರೆ ಆ ತುರ್ತು ಬರೀ ಮುಖವಾಡವೋ ಅಂತ ಕೋರ್ಟು ನೋಡಬಹುದು, ಯಾಮಿನಿ ಮನೋಹರ್ 2023. ರದ್ದತಿ ಪತ್ರ ಬಂದು ಮೂರು ತಿಂಗಳು ಸುಮ್ಮನಿದ್ದು ಹೋದರೆ ಮುಖವಾಡ ಅಂತಲೇ ಕಾಣುತ್ತೆ. ಷರತ್ತಿನಲ್ಲಿ ಮಧ್ಯಸ್ಥಗಾರಿಕೆ (ಆರ್ಬಿಟ್ರೇಷನ್) ಕಲಂ ಇದ್ದರೆ ದಾವೆ ಬಿಟ್ಟು 1996ರ ಕಾಯ್ದೆಯ 9ನೇ ಕಲಂ. ಆದೇಶ ಸಿಕ್ಕ 90 ದಿನದೊಳಗೆ ಮಧ್ಯಸ್ಥಗಾರಿಕೆ ಶುರುವಾಗಬೇಕು.

ಪೆಸಿಫಿಕ್_ಕನ್ನಡಿಗ
ಸ್ವಲ್ಪ ದಾರಿ ತಪ್ಪಿಸ್ತೀನಿ. ಅಮೆರಿಕದಲ್ಲಿ ಈ ಪ್ರಶ್ನೆಯೇ ಹುಟ್ಟೋದು ಕಮ್ಮಿ. ಫೆಡರಲ್ ಅರಣ್ಯ ಸೇವೆ ನಾಟಾ ಒಪ್ಪಂದ ರದ್ದು ಮಾಡಿದರೆ ಟಕ್ಕರ್ ಕಾಯ್ದೆ, 1978ರ ಗುತ್ತಿಗೆ ವ್ಯಾಜ್ಯ ಕಾಯ್ದೆಗಳ ದಾರಿಯಲ್ಲಿ ಹಣ ಕೇಳಬೇಕು, ಒಪ್ಪಂದ ಜಾರಿಗೆ ತಡೆಯಾಜ್ಞೆ ಸಿಗಲ್ಲ. ಅಲ್ಲಿ ತಡೆಯಾಜ್ಞೆ ತರೋರು ಪರಿಸರದವರು. 1995ರಲ್ಲಿ ಮೆಕ್ಸಿಕನ್ ಚುಕ್ಕೆ ಗೂಬೆಗಾಗಿ ಅರಿಜೋನಾದ ಕೋರ್ಟು ಕಡಿತ ನಿಲ್ಲಿಸಿತು, ಪ್ರಿಸಿಷನ್ ಪೈನ್ ಅನ್ನೋ ಕಂಪನಿಯ ಒಪ್ಪಂದಗಳು ಅಮಾನತಾದವು. ಕಂಪನಿ ಕೆಳಗೆ ಹಣ ಗೆದ್ದಿತು, 2010ರಲ್ಲಿ ಮೇಲ್ಮನವಿಯಲ್ಲಿ ಸೋತಿತು.

ಅಡಿಕೆ_ಸಿಪ್ಪೆ
ನಮ್ಮಲ್ಲೂ ಆ ಬಗೆ ಇತ್ತಲ್ಲ. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್, 1984. ಹರಿಹರ ಪಾಲಿಫೈಬರ್ಸ್ ಜೊತೆ ಸರ್ಕಾರದ ಜಂಟಿ ಕಂಪನಿ, 30,000 ಹೆಕ್ಟೇರ್ ಜಮೀನು ನೀಲಗಿರಿಗೆ. ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆ ಬಂತು. ಅದೇ ವರ್ಷ ನವೆಂಬರಿನಲ್ಲಿ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ತೊಂಬತ್ತರ ದಶಕದ ಆರಂಭದಲ್ಲಿ ಕಂಪನಿಯನ್ನೇ ಮುಚ್ಚಿದರು.

ಕಾಲಂ39
ಅದು ಬೇರೆ ಬಗೆ, ಆದರೆ ಒಂದು ಕೊಂಡಿ ಇದೆ. ರದ್ದತಿಗೆ ಕಾರಣ ಪರಿಸರದ ಆದೇಶವೇ ಆಗಿದ್ದರೆ ಸಿವಿಲ್ ತಡೆಯಾಜ್ಞೆಯ ಆಸೆ ಬಿಡಿ. ಸುಪ್ರೀಂ ಕೋರ್ಟಿನ ಗೋದಾವರ್ಮನ್ ಅರಣ್ಯ ಕೇಸಿನ 12-12-1996ರ ಆದೇಶ, ಕಾರ್ಯಯೋಜನೆ ಇಲ್ಲದೆ ಕಡಿತ ಇಲ್ಲ. 14-2-2000ದ ಆದೇಶ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದಿಂದ ಒಣಗಿದ, ಗಾಳಿಗೆ ಬಿದ್ದ ಮರವನ್ನೂ ತೆಗೆಯೋ ಹಾಗಿಲ್ಲ. ಲಾಟಿನ ಮೂಲ ಅಂಥ ಜಾಗ ಅಂತ ಗೊತ್ತಾಗಿ ರದ್ದಾಗಿದ್ದರೆ ಹಣ ವಾಪಸ್ ಕೇಳೋದೊಂದೇ ಉಳಿಯೋದು.

ನ್ಯಾಯಬೆಲೆ
ಹಣ ವಾಪಸ್ ಅಂದಾಗ ನೆನಪಾಯ್ತು. ಇ-ಹರಾಜಿನಲ್ಲಿ ರದ್ದಾದ ತಕ್ಷಣ ಇಎಂಡಿ ತಾನಾಗೇ ಖಾತೆಗೆ ಬಂದು ಬೀಳುತ್ತೆ. ಸುಮ್ಮನಿದ್ದರೆ "ಹಣ ತಗೊಂಡು ರದ್ದತಿ ಒಪ್ಪಿಕೊಂಡರು" ಅನ್ನೋ ವಾದ ಗ್ಯಾರಂಟಿ. ಅವತ್ತೇ ಇಮೇಲ್ ಮತ್ತು ನೋಂದಾಯಿತ ಅಂಚೆ: ಮೊತ್ತ ಬಂದಿದೆ, ಹಕ್ಕು ಬಿಟ್ಟಿಲ್ಲ, ಪ್ರತಿಭಟನೆಯೊಂದಿಗೆ ಇಟ್ಟುಕೊಂಡಿದ್ದೇವೆ, ಕೇಳಿದರೆ ಮತ್ತೆ ಕಟ್ಟುತ್ತೇವೆ.

ಗರಗಸದ_ಪುಡಿ
ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದರೆ ಅದನ್ನ ನಗದು ಮಾಡದಂತೆ ತಡೆ?

ಸಿವಿಲ್_ಸೈಡ್
@ಗರಗಸದ_ಪುಡಿ ಘೋರ ವಂಚನೆ, ಇಲ್ಲ ಎಂದೂ ಸರಿಪಡಿಸಲಾಗದ ನಷ್ಟ. ಬೇರೆ ಯಾವುದಕ್ಕೂ ಇಲ್ಲ. ಕಪ್ಪುಪಟ್ಟಿಗೆ ಹಾಕಿದರೆ ಮಾತ್ರ ನಿಮ್ಮ ಕೈ ಮೇಲು: ಶೋಕಾಸ್ ನೋಟಿಸಿನಲ್ಲಿ ಕಪ್ಪುಪಟ್ಟಿಯ ಮಾತು ಸ್ಪಷ್ಟವಾಗಿ ಇರಲೇಬೇಕು, ಗೂರ್ಖಾ ಸೆಕ್ಯುರಿಟಿ 2014. ಅದನ್ನ ರಿಟ್‌ನಲ್ಲೇ ಹೊಡೆಯಿರಿ.

ವಾಣಿಜ್ಯ_ಕಟ್ಟೆ
ದಾವಾಪತ್ರದ ಸಣ್ಣ ತಪ್ಪುಗಳೇ ದೊಡ್ಡ ನಷ್ಟ ಮಾಡೋದು. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಒಬ್ಬರನ್ನೇ ಪ್ರತಿವಾದಿ ಮಾಡ್ತಾರೆ. ಸಿಪಿಸಿ 79ರ ಪ್ರಕಾರ ಕರ್ನಾಟಕ ರಾಜ್ಯವೇ ಪ್ರತಿವಾದಿ ಆಗಬೇಕು. ಬರೀ ನಿರ್ಬಂಧಕಾಜ್ಞೆ ಕೇಳ್ತಾರೆ. ರದ್ದತಿ ಅನೂರ್ಜಿತ ಅಂತ ಘೋಷಣೆ ಕೇಳದಿದ್ದರೆ ಆ ಆದೇಶ ನಿಂತೇ ಇರುತ್ತೆ. ನಷ್ಟ ಪರಿಹಾರವನ್ನ ಆಮೇಲೆ ನೋಡೋಣ ಅಂತ ಬಿಡ್ತಾರೆ. ಆದೇಶ 2 ನಿಯಮ 2 ಅಡ್ಡ ಬರುತ್ತೆ, ಬದಲಿ ಪರಿಹಾರವಾಗಿ ಈಗಲೇ ಕೇಳಿ. ಮರುಹರಾಜು ಆಗಿಹೋಗಿದ್ದರೆ ಹೊಸ ಬಿಡ್ಡುದಾರರನ್ನ ಸೇರಿಸಿ, ಅವರಿಲ್ಲದೆ ಬಂದ ಆದೇಶ ಒಂದು ವಾರ ಬಾಳಲ್ಲ.

ಫೈಲ್_ನೋಟಿಂಗ್
ಇನ್ನೊಂದು: ಆದೇಶ ಬಂದ ದಿನವೇ ಪ್ರತಿ ತಲುಪಿಸಿ. ಡಿಸಿಎಫ್ ಕಚೇರಿಗೆ ಕೊಟ್ಟರೆ ಡಿಪೋಗೆ ಗೊತ್ತಾಗೋಕೆ ಸಮಯ ಬೇಕು, ಅಷ್ಟರಲ್ಲಿ ರಹದಾರಿ (ಸಾಗಣೆ ಪರವಾನಗಿ) ಬರೆದಾಗಿರುತ್ತೆ. ಡಿಪೋದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ಡಿಸಿಎಫ್, ಸಿಸಿಎಫ್ (ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ), ಇ-ಹರಾಜು ನಡೆಸೋ ಸಂಸ್ಥೆ, ನಾಲ್ಕೂ ಕಡೆ ಸ್ವೀಕೃತಿ ಮೊಹರು ತಗೊಳ್ಳಿ. ಆಮೇಲೂ ಮಾಲು ಹೊರಟರೆ ಆದೇಶ 39 ನಿಯಮ 2ಎ, ಮೂರು ತಿಂಗಳವರೆಗೆ ಸಿವಿಲ್ ಸೆರೆ, ಆಸ್ತಿ ಜಪ್ತಿ. ಆದರೆ ಆದೇಶ ತಿಳಿದಿತ್ತು ಅಂತ ಸಾಬೀತು ಮಾಡೋದು ಆ ಮೊಹರಿನಿಂದಲೇ. ಆದೇಶದಲ್ಲಿ ಬರೀ "ಯಥಾಸ್ಥಿತಿ" ಅಂತ ಬರೆಸಿಕೊಳ್ಳಬೇಡಿ. ಇಂಥ ಲಾಟ್ ನಂಬರಿನ ದಿಮ್ಮಿಗಳನ್ನು ಮಾರಬಾರದು, ಸಾಗಿಸಬಾರದು ಅಂತ ಇರಲಿ. ಇಲ್ಲದಿದ್ದರೆ ಅಟ್ಟಿ ಬದಲಾಯಿಸಿದ್ದೂ ಯಥಾಸ್ಥಿತಿಯೇ ಅಂತ ವಾದ ಬರುತ್ತೆ. ಜಾಗದ ಬಾಡಿಗೆ ಯಾರ ತಲೆ ಮೇಲೆ ಅಂತಲೂ ಬರೆಸಿಕೊಳ್ಳಿ, ಲಾಟಿಗೆ ದಿನದ ಲೆಕ್ಕದಲ್ಲಿ ಏರುತ್ತೆ ಅದು.

ಕಿರವತ್ತಿ_ಗಾಳಿ
ಸ್ಟೇ ತಂದು ಸೋತ್ರ ಬಾಡಗಿ ನಮ್ಮ ಕುತಗೀಗೇ ಬರ್ತದ. ಅದು ಯಾರೂ ಮೊದಲ ಹೇಳೂದಿಲ್ಲ.

ಕಾಲಂ39
ಸಿಪಿಸಿ 95 ಕೂಡ ಇದೆ, ಸಾಕಷ್ಟು ಆಧಾರ ಇಲ್ಲದೆ ತಡೆಯಾಜ್ಞೆ ತಂದವರ ಮೇಲೆ 50,000 ರೂಪಾಯಿವರೆಗೆ ಪರಿಹಾರ.

ಲಾಟ್_ನಂಬರ್
ಸರಿ. ಷರತ್ತಿನ ಪ್ರತಿ ಈಗ ನೋಡಿದ್ರೆ, "ದೃಢೀಕರಣಕ್ಕೆ ಮುನ್ನ" ರದ್ದು ಮಾಡೋ ಹಕ್ಕು ಅಂತಲೇ ಇದೆ. ಎರಡನೇ ಕಂತಿಗೆ ಇನ್ನೂ ಒಂಬತ್ತು ದಿನ ಇದೆ. ಮಧ್ಯಸ್ಥಗಾರಿಕೆ ಕಲಂ ಇಲ್ಲ. ಡಿಪೋ ಉತ್ತರ ಕನ್ನಡದ್ದು.

ರಿಟ್_ರಾಜ
ಹಾಗಿದ್ರೆ ಧಾರವಾಡ ಪೀಠ, ಬೆಂಗಳೂರಿಗೆ ಓಡಬೇಡಿ. ಪತ್ರದಲ್ಲಿ ಕಾರಣ ಇಲ್ಲ, ಷರತ್ತು ನಿಮ್ಮ ಪರ, ವಾಸ್ತವಾಂಶದ ಜಗಳ ಇಲ್ಲ. ರಿಟ್‌ಗೆ ಇದಕ್ಕಿಂತ ಸ್ವಚ್ಛ ಕೇಸು ಬೇಕಾ? ಏಕಪಕ್ಷೀಯ ಮಧ್ಯಂತರ ಆದೇಶ ಸಿಕ್ಕರೆ 226(3) ನೆನಪಿರಲಿ: ತೆರವಿಗೆ ಅರ್ಜಿ ಬಂದು ಎರಡು ವಾರದಲ್ಲಿ ಇತ್ಯರ್ಥ ಆಗದಿದ್ದರೆ ಆದೇಶ ತಾನಾಗೇ ಬಿದ್ದುಹೋಗುತ್ತೆ. ಮುಂದೂಡಿಕೆ ನೀವೇ ಕೇಳಬೇಡಿ.

ಸಿವಿಲ್_ಸೈಡ್
ಈ ಸಂಗತಿಗಳ ಮೇಲೆ ರಿಟ್ ಆಗಲಿ, ತಕರಾರಿಲ್ಲ. ಆದರೆ ದೃಢೀಕರಣಕ್ಕೆ ಅಧಿಕಾರ ಇರಲಿಲ್ಲ ಅಂತ ಇಲಾಖೆ ಕಡತ ತೋರಿಸಿದರೆ ಅಲ್ಲಿಂದ ಸಿವಿಲ್ ಕೋರ್ಟಿಗೆ ಕಳಿಸ್ತಾರೆ. 80(1)ರ ನೋಟಿಸನ್ನೂ ಇವತ್ತೇ ಹಾಕಿಬಿಡಿ, ಎರಡು ತಿಂಗಳ ಗಡಿಯಾರ ಓಡ್ತಾ ಇರಲಿ.

ಹೊಪ್ಪಸ್_ಅಜ್ಜ
ಒಂಬತ್ತನೇ ದಿನಕ್ಕೆ ಕಾಯಬೇಡಿ. ಡಿ.ಡಿ. ನಾಳೆ. ಜಿಎಸ್‌ಟಿ, ಅರಣ್ಯ ಅಭಿವೃದ್ಧಿ ತೆರಿಗೆ, ಟಿಸಿಎಸ್ (ಮಾರುವವರು ಮೂಲದಲ್ಲೇ ವಸೂಲು ಮಾಡೋ ತೆರಿಗೆ) ಎಲ್ಲ ಸೇರಿಸಿ ಮೊತ್ತ ಲೆಕ್ಕ ಹಾಕಿ. ಒಂದು ರೂಪಾಯಿ ಕಮ್ಮಿಯಾದರೂ ಪೂರ್ತಿ ಕಟ್ಟಿಲ್ಲ ಅಂತಾರೆ.

ತಟಸ್ಥ
ಮತ್ತೆ ಲಾಯರನ್ನ ಕೇಳಿ.